ಮೈಕ್ ವಾಸಣ್ಣ ಬಾಯಿ ಮುಚ್ಚಿದ್ದು

ನನ್ನ ಎಡಗಿವಿ ಮಂದ. ವಯಸ್ಸಾಯಿತು ಅಂತ ಹೆಂಡತಿ ಹೇಳ್ತಾಳೆ. ವಯಸ್ಸಾದರೆ ಎರಡೂ ಕಿವಿಗೆ ಆಗಬೇಕಲ್ಲ? ಬಲಗಿವಿಗೆ ಈಗಲೂ ಪಕ್ಕದ ಮನೆಯ ಕುಕ್ಕರಿನ ಸೀಟಿ ಸಹ ಕೇಳ್ತದೆ. ಎಡಗಿವಿಯನ್ನು ಹಾಳು ಮಾಡಿದ್ದು ಮೈಕ್ ವಾಸಣ್ಣ. ವರ್ಷಗಟ್ಟಲೆ ನನ್ನ ಜೀಪಿನಲ್ಲಿ, ನನ್ನ ಎಡಬದಿಗೇ ಕೂತು ಕಿರುಚಿದ ಜನ ಅವನು. ಇದಕ್ಕೆ ಪರಿಹಾರ ಕೊಡು ಮಾರಾಯ ಅಂತ ತಮಾಷೆಗೆ ಕೇಳಿದರೆ, "ಸೀತಣ್ಣ, ಇನ್ನೊಂದು ಕಿವಿಯನ್ನು ಹಾಗೇ ಬಿಟ್ಟಿದ್ದೇನಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್ ಹೇಳಿ" ಅನ್ನುತ್ತಿದ್ದ.

ವಾಸುದೇವ ಅಂತ ಅವನ ಹೆಸರು. ನನಗಿಂತ ಚಿಕ್ಕವನು, ಆದರೂ ಊರಿಗೆಲ್ಲ ವಾಸಣ್ಣನಾದ್ದರಿಂದ ನನಗೂ ವಾಸಣ್ಣನೇ. ಕಾಸರಗೋಡಿನ ಈ ಪೆರ್ಲದಲ್ಲಿ ಊರಿಗೊಂದು ವಿಷಯ ತಿಳಿಸಬೇಕಾದರೆ ನನ್ನ ಜೀಪು, ಅವನ ಬಾಯಿ. ವಾಲಿಬಾಲ್ ಟೂರ್ನಮೆಂಟ್, ರಕ್ತದಾನ ಶಿಬಿರ, ನಾಯಿಗೆ ಚುಚ್ಚುಮದ್ದು, ಪಂಚಾಯತ್ ಎಲೆಕ್ಷನ್, ಎಲ್ಲದಕ್ಕೂ ಅವನೇ. ಎಲೆಕ್ಷನ್ ಸಮಯದಲ್ಲಿ ಬೆಳಿಗ್ಗೆ ಒಂದು ಚಿಹ್ನೆಗೆ ವೋಟು ಕೇಳಿ, ಊಟ ಮಾಡಿ ಬಂದು, ಅದೇ ಗಂಟಲಿನಲ್ಲಿ ಇನ್ನೊಂದು ಚಿಹ್ನೆಗೆ ಕೇಳುತ್ತಿದ್ದ. ಎರಡೂ ಪಾರ್ಟಿಯವರು ಚಾ ಕುಡಿಸುತ್ತಿದ್ದರು. ಮೊದಲು ಕನ್ನಡ, ಆಮೇಲೆ ಮಲಯಾಳ, ಕೊನೆಗೆ ತುಳು. ಕನ್ನಡದಲ್ಲಿ ಅವನು ದೊಡ್ಡ ವಿದ್ವಾಂಸ. "ಮಾನ್ಯರೇ, ಮಹನೀಯರೇ, ಕ್ರೀಡಾಭಿಮಾನಿಗಳೇ" ಅಂತ ಸುರು ಮಾಡಿದನೆಂದರೆ ವಿಷಯ ಬರುವಷ್ಟರಲ್ಲಿ ಜೀಪು ಒಂದು ತಿರುವು ದಾಟಿರುತ್ತಿತ್ತು.

ಮೈಕ್ ಬಂದ್ ಮಾಡಿದರೂ ಬಾಯಿ ಬಂದ್ ಆಗುತ್ತಿರಲಿಲ್ಲ. ಹೋಟೆಲಿನಲ್ಲಿ ಅವನು ಗೋಳಿಬಜೆ ಕೇಳಿದರೆ ರಸ್ತೆಯಾಚೆಯ ಅಂಗಡಿಯವರಿಗೆ ಬಾಯಲ್ಲಿ ನೀರು ಬರುತ್ತಿತ್ತು. "ಸ್ವಲ್ಪ ಸುಮ್ಮನೆ ಕೂತ್ಕೊಳ್ಳೋ" ಅಂದರೆ, "ಅದು ನನ್ನಿಂದ ಆಗುದಿಲ್ಲ ಸೀತಣ್ಣ, ಬಾಯಿ ಖಾಲಿ ಬಿಟ್ರೆ ನನಗೆ ಹೆದರಿಕೆ ಆಗ್ತದೆ" ಅನ್ನುತ್ತಿದ್ದ.

ಇಂಥವನಿಗೆ ಹುಟ್ಟಿದ ಒಬ್ಬಳೇ ಮಗಳು ದೀಕ್ಷಾ, ಮೂರು ವರ್ಷ ಕಳೆದರೂ ಒಂದು ಮಾತು ಆಡಲಿಲ್ಲ.

ಮಂಗಳೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಸರಿ ಉಂಟು ಅಂದರು. ಮಗುವಿಗೆ ಬೇಕಾದದ್ದು ಎಂತ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವಳಿಗೆ ಹೇಳಲಿಕ್ಕೂ ಆಗುತ್ತಿರಲಿಲ್ಲ. ಹಾಗಾಗಿ ಬಟ್ಟಲು ಹಾರುತ್ತಿತ್ತು, ಲೋಟ ಹಾರುತ್ತಿತ್ತು. ತಾಯಿ ಮಾಲತಿಯ ಕೈಯಲ್ಲಿ ಯಾವಾಗಲೂ ಮಗಳು ಕಚ್ಚಿದ ಗುರುತು ಇರುತ್ತಿತ್ತು. ಯಾರಾದರೂ ಕಂಡು ಕೇಳಿದರೆ ಆಕೆ ಸೆರಗು ಎಳೆದುಕೊಂಡು, "ಬೆಕ್ಕು" ಅನ್ನುತ್ತಿದ್ದಳು. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಅಷ್ಟೊತ್ತಿಗೆ ಮಾಲತಿಯ ಅಣ್ಣ ರಮೇಶ ದುಬೈಯಿಂದ ರಜೆಯಲ್ಲಿ ಬಂದ. ಒಳ್ಳೆಯ ಜನ, ತಂಗಿಯ ಮೇಲೆ ಜೀವ. ಯಾರೋ ಅವನಿಗೆ ಹೇಳಿದ್ದರಂತೆ, ಈ ಕಾಸರಗೋಡಿನ ಮಕ್ಕಳಿಗೆ ಭಾಷೆ ಜಾಸ್ತಿಯಾಗಿ ತಲೆ ಗೊಂದಲ ಆಗ್ತದೆ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಮಗು ಯಾವುದನ್ನು ಹಿಡಿಯುವುದು? ಒಂದೇ ಭಾಷೆ ಇಟ್ಟುಕೊಳ್ಳಿ ಅಂದ. ಹೇಗೂ ಕನ್ನಡ ಶಾಲೆಗೆ ಸೇರಿಸುವುದಲ್ಲವಾ, ಕನ್ನಡವೇ ಆಗಲಿ ಅಂತ ವಾಸಣ್ಣ ನಿಶ್ಚಯ ಮಾಡಿದ. ಆ ದಿನದಿಂದ ಆ ಮನೆಯಲ್ಲಿ ತುಳು ಬಂದ್.

ಅಯ್ಯೋ ದೇವರೇ, ಆ ಕಾಲ! ವಾಸಣ್ಣನಿಗೆ ಬರುತ್ತಿದ್ದದ್ದು ಮೈಕಿನ ಕನ್ನಡ ಮಾತ್ರ. ಒಂದು ಬೆಳಿಗ್ಗೆ ನಾನು ಅವನನ್ನು ಕರೆಯಲಿಕ್ಕೆ ಹೋದಾಗ ಬಟ್ಟಲು ಹಿಡಿದು ಮಗಳ ಮುಂದೆ ಕೂತಿದ್ದಾನೆ. "ಪ್ರೀತಿಯ ಮಗಳೇ, ಇದೀಗ ತಾವು ದೋಸೆಯನ್ನು ಸೇವಿಸುವ ಸುಸಂದರ್ಭ ಒದಗಿ ಬಂದಿದೆ." ನಾನು ನಗು ತಡೆಯಲಾಗದೆ ಅಂಗಳಕ್ಕೆ ಓಡಿದೆ. ಮಾಲತಿಗೂ ನಗು ಬಂತು. ಆದರೆ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. "ಮನೆಯಲ್ಲಿ ಬಾಯಿ ತೆರೀಲಿಕ್ಕೇ ಹೆದರಿಕೆ ಆಗ್ತದೆ ಸೀತಣ್ಣ. ಮಗುವನ್ನು ಮುದ್ದು ಮಾಡ್ಬೇಕಾದ್ರೂ ಪಾಠ ಓದಿದ ಹಾಗೆ ಆಗ್ತದೆ. ಅವಳು ನನ್ನ ಮುಖ ನೋಡುದು ನೋಡಿದ್ರೆ, ನಾನು ಯಾರೋ ಬೇರೆಯವಳು ಅಂತ ಅವಳಿಗೆ ಕಾಣ್ತದೋ ಎಂತದೋ." ದಿನ ಹೋದ ಹಾಗೆ ಆ ಮನೆಯಲ್ಲಿ ದೊಡ್ಡವರೂ ಮಾತು ಬಿಟ್ಟರು.

ಮಗುವಿಗೆ ಐದಾಗುತ್ತಾ ಬಂತು. ರಮೇಶ ದುಬೈಯಿಂದಲೇ ಫೋನಿನಲ್ಲಿ ಇನ್ನೊಂದು ದಾರಿ ಹೇಳಿದ. ದೂರದಲ್ಲಿ ಇಂಥ ಮಕ್ಕಳಿಗೇ ಒಂದು ಸಂಸ್ಥೆ ಉಂಟಂತೆ, ಹಾಸ್ಟೆಲ್ ಉಂಟಂತೆ, ಒಳ್ಳೆಯವರೇ ಅಂತೆ. ಜೂನ್‌ನಲ್ಲಿ ಅಲ್ಲಿಗೆ ಸೇರಿಸುವ, ಖರ್ಚು ನನ್ನದು ಅಂದ. ಮಾಲತಿಗೆ, ಪಾಪ, ಸಾಕುಸಾಕಾಗಿತ್ತು. ವಾಸಣ್ಣ ಜೀಪಿನಲ್ಲಿ ನನ್ನ ಹತ್ತಿರ ಹೇಳಿದ, "ಹಾಸ್ಟೆಲಿನಲ್ಲಿ ಅವಳಿಗೆ ರಾತ್ರಿ ಹೆದರಿಕೆ ಆದ್ರೆ ಯಾರಿಗೆ ಹೇಳ್ತಾಳೆ ಸೀತಣ್ಣ? ಹೇಳ್ಲಿಕ್ಕೆ ಬರುದಿಲ್ಲ ಅಂತಲೇ ಕಳಿಸುದಲ್ವಾ? ಜೂನ್ ತನಕ ನಾನು ನೋಡ್ತೇನೆ. ಅವಳು ನನ್ನ ಮನೆಯಿಂದಲೇ ಶಾಲೆಗೆ ಹೋಗ್ಬೇಕು."

ಮಾತು ಕಲಿಸುವ ಟೀಚರ್ ಒಬ್ಬರು ಕಾಸರಗೋಡಿನಲ್ಲಿದ್ದರು, ಸಣ್ಣ ಪ್ರಾಯದವರು. ನನ್ನ ಜೀಪಿನಲ್ಲೇ ಕರೆದುಕೊಂಡು ಹೋದೆ. ಒಂದೇ ಭಾಷೆಯ ಕಥೆ ಕೇಳಿ ಅವರು ತಲೆಗೆ ಕೈ ಹಚ್ಚಿಕೊಂಡರು. ಎರಡು ಮೂರು ಭಾಷೆಯಿಂದ ಯಾವ ಮಗುವಿಗೂ ತೊಂದರೆ ಇಲ್ಲ, ನಿಮಗೆ ಪ್ರೀತಿ ಬಂದಾಗ, ಸಿಟ್ಟು ಬಂದಾಗ ಬಾಯಿಗೆ ಯಾವ ಭಾಷೆ ಬರ್ತದೋ ಅದರಲ್ಲೇ ಮಾತಾಡಿ ಅಂದರು. ಮಾಲತಿ ಅಲ್ಲೇ, ಆ ಕುರ್ಚಿಯಲ್ಲೇ, ಮಗಳನ್ನು ಎಳೆದು ಅಪ್ಪಿಕೊಂಡು ತುಳುವಿನಲ್ಲಿ ಏನೇನೋ ಹೇಳತೊಡಗಿದಳು. ನೋಡಲಿಕ್ಕೆ ಆಗದೆ ನಾನು ಕ್ಯಾಲೆಂಡರ್ ನೋಡಿದೆ.

ಆಮೇಲೆ ಟೀಚರ್ ವಾಸಣ್ಣನ ಕಡೆ ತಿರುಗಿದರು. ಮಗಳ ಜೊತೆ ಆಟ ಆಡಿ ನೋಡುವ ಅಂದರು. ವಾಸಣ್ಣ ಸುರು ಮಾಡಿದ. ಇದು ಎಂತ, ಕಾರು, ಕಾರು ಹೇಳು, ಹೇಳು ಮಗಾ, ಯಾವ ಬಣ್ಣ, ಕೆಂಪು ಅಲ್ವಾ, ಕೆಂಪು ಹೇಳು... ಟೀಚರ್ ಕೈ ಎತ್ತಿ ನಿಲ್ಲಿಸಿದರು. "ಸರ್, ಅವಳು ಈಗ ಎರಡು ಸಲ ಬಾಯಿ ತೆರೆದಳು. ನೀವು ನೋಡಿದ್ರಾ?" ವಾಸಣ್ಣ ನೋಡಿರಲಿಲ್ಲ. "ಹೇಳು ಹೇಳು ಅಂತ ಒತ್ತಾಯ ಬೇಡ. ಅವಳು ಯಾವುದನ್ನು ನೋಡ್ತಾಳೋ ಅದರ ಬಗ್ಗೆ ಸಣ್ಣದಾಗಿ ಒಂದು ಮಾತು ಹೇಳಿ, ಆಮೇಲೆ ಸುಮ್ಮನಿರಿ. ಕಾಯಿರಿ. ಎಷ್ಟು ಹೊತ್ತಾದರೂ."

ಬರುವಾಗ ದಾರಿಯುದ್ದಕ್ಕೂ ಮಾಲತಿಗೆ ತುಳು ಮಾತಾಡಿದಷ್ಟೂ ಸಾಕಾಗಲಿಲ್ಲ. ವಾಸಣ್ಣ ಮಾತ್ರ ಶಿಕ್ಷೆ ಆದವನ ಹಾಗೆ ಕೂತಿದ್ದ. "ಎಲ್ಲ ಆಗಬಹುದು, ಇದೊಂದು ಹೇಗೆ ಮಾಡುದು ಸೀತಣ್ಣ?" ಅಂದ.

ಮರುದಿನವೇ ಉಪಾಯ ಹುಡುಕಿದ. ಬಾಯಿ ತುಂಬ ನೀರು ಇಟ್ಟುಕೊಂಡು ಮಗಳ ಮುಂದೆ ಕೂರುವುದು! ಕೆನ್ನೆ ಉಬ್ಬಿಸಿಕೊಂಡು, ಕಣ್ಣು ದೊಡ್ಡದು ಮಾಡಿಕೊಂಡು, ಎದುರಿನಲ್ಲಿ ಬಟ್ಟಲು. ನೀರು ನುಂಗಿ ಒಂದು ಮಾತು ಹೇಳುವುದು, ಪುನಃ ನೀರು ತುಂಬಿಸುವುದು. ಮೊದಮೊದಲು ಬಾಯಲ್ಲಿ ನೀರಿದೆ ಅಂತ ಮರೆತು ಮಾತಾಡಲು ಹೋಗಿ ಅಂಗಿ ಒದ್ದೆ. "ಇವರಿಗೆ ದಿನಕ್ಕೆ ಎಷ್ಟು ಅಂಗಿ ಒಗೀಲಿ ನಾನು?" ಅಂತ ಮಾಲತಿ ಬೈಯುತ್ತಿದ್ದಳು. ಆ ಬೈಗಳು ತುಳುವಿನಲ್ಲಿದ್ದವು, ಮನೆಗೆ ಜೀವ ಬಂದಿತ್ತು.

ಅವನ ತಾಳ್ಮೆ ಎಷ್ಟರದ್ದು ಅಂತ ನಾನು ಕಣ್ಣಾರೆ ಕಂಡದ್ದು ಹಿಟ್ಟಿನ ಗಿರಣಿಯ ಎದುರಿನಲ್ಲಿ. ದೀಕ್ಷಾಳಿಗೆ ಗಿರಣಿಯ ಬೆಲ್ಟ್ ತಿರುಗುವುದನ್ನು ನೋಡುವುದೆಂದರೆ ಪ್ರಾಣ. ಒಂದು ದಿನ ನೋಡುತ್ತಾ ಇರುವಾಗ ಕರೆಂಟ್ ಹೋಯಿತು. ಬೆಲ್ಟ್ ನಿಂತಿತು. ಅವಳು ಹೊರಗೆ ಓಡಿ ರಸ್ತೆಯ ಬದಿಯಲ್ಲಿ ಬಿದ್ದು ಹೊರಳಾಡಿದಳು, ಊರೆಲ್ಲ ಕೇಳುವ ಹಾಗೆ ಕಿರುಚಿದಳು. ಪುತ್ತೂರಿಗೆ ಹೋಗುವ ಬಸ್ಸು ಬಂದು ಹಾರ್ನ್ ಹೊಡೆಯಿತು. ಜನ ಸೇರಿದರು. ಸಲಹೆ ಕೊಡುವುದಕ್ಕೆ ನಮ್ಮವರಿಗೆ ಹೇಳಿಕೊಡಬೇಕಾ? "ಎರಡು ಬಿಗೀರಿ ವಾಸಣ್ಣ, ಸರಿ ಆಗ್ತದೆ." "ಮುದ್ದು ಹೆಚ್ಚಾದದ್ದು." ನಾನೇ ಅವಳನ್ನು ಎತ್ತಿ ಜೀಪಿಗೆ ಹಾಕುವ ಅಂತ ಬಗ್ಗಿದೆ. ವಾಸಣ್ಣ ಬೇಡ ಅಂತ ಕೈ ಮಾಡಿದ. ಅವಳಿಗೂ ಬಸ್ಸಿಗೂ ನಡುವೆ ಆ ಧೂಳಿನಲ್ಲಿ ಪಂಚೆ ಮಡಚಿ ಕೂತುಕೊಂಡ. ಡ್ರೈವರನಿಗೆ ಆಚೆಯಿಂದ ಹೋಗು ಅಂತ ಕೈಸನ್ನೆ ಮಾಡಿದ. ಆಮೇಲೆ ತುಳುವಿನಲ್ಲಿ ಒಂದೇ ಮಾತು, ಮೆಲ್ಲಗೆ: "ಬೆಲ್ಟ್ ಉಂತುಂಡು ಮಗಾ." ಬೆಲ್ಟ್ ನಿಂತಿತು ಅಂತ, ಅಷ್ಟೇ.

ಮತ್ತೆ ಸುಮ್ಮನೆ. ಬಸ್ಸು ಹೋಯಿತು, ಜನ ಹೋಗಲಿಲ್ಲ. ಅವನು ತಲೆ ಎತ್ತಿ, "ಇಲ್ಲಿ ಇವತ್ತು ಕಾರ್ಯಕ್ರಮ ಎಂತದೂ ಇಲ್ಲ ಮಾರಾಯ್ರೆ, ಇದ್ರೆ ನಾನೇ ಅನೌನ್ಸ್ ಮಾಡ್ತೇನೆ" ಅಂದ. ನಗುತ್ತಾ ಚದುರಿದರು. ಕಿರುಚಾಟ ಅಳುವಾಯಿತು, ಅಳು ಬಿಕ್ಕಳಿಕೆಯಾಯಿತು. ಕೊನೆಗೆ ಅವಳೇ ಹತ್ತಿ ಅವನ ತೊಡೆಯ ಮೇಲೆ ಕೂತಳು. ಅವನ ಬೆನ್ನು ಬೆವರಿನಿಂದ ಪೂರ್ತಿ ಒದ್ದೆಯಾಗಿತ್ತು. ಜೀಪಿನಲ್ಲಿ ಕೂತ ಮೇಲೆ, "ನನಗೂ ಎರಡು ಬಿಗೀಬೇಕು ಅಂತ ಕಂಡಿತ್ತು" ಅಂದ. "ಹಾಗೆ ಕಂಡದ್ದಕ್ಕೇ ಕೂತದ್ದು."

ಅದಾಗಿ ಸ್ವಲ್ಪ ಸಮಯಕ್ಕೆ ಒಂದು ಬೆಳಿಗ್ಗೆ, ನಾನು ಜೀಪು ತೊಳೆಯುತ್ತಿರುವಾಗ, ವಾಸಣ್ಣ ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು ಓಡಿ ಬಂದ. "ಸೀತಣ್ಣಾ! ಬೊಡ್ಚಿ ಅಂದಳು! ಮಗಳು ಬೊಡ್ಚಿ ಅಂದಳು!" ತುಳುವಿನಲ್ಲಿ ಬೊಡ್ಚಿ ಅಂದರೆ ಬೇಡ. ದಿನವೂ ಹಾರುತ್ತಿದ್ದ ದೋಸೆಯ ಬಟ್ಟಲನ್ನು ಅವಳು ಅವತ್ತು ಕೈಯಿಂದ ದೂಡಿ, ಅಪ್ಪನ ಉಬ್ಬಿದ ಕೆನ್ನೆ ನೋಡುತ್ತಾ, ಆ ಮಾತು ಹೇಳಿದಳಂತೆ. ಬಾಯಲ್ಲಿದ್ದ ನೀರು ನೆತ್ತಿಗೆ ಹತ್ತಿ ಇವನು ಕೆಮ್ಮಿ ಕೆಮ್ಮಿ ಸಾಯುವ ಹಾಗಾದಾಗ ಇನ್ನೊಮ್ಮೆ ಹೇಳಿದಳಂತೆ.

ಇಡೀ ಪೇಟೆಗೆ ಲಾಡು ಹಂಚಿದ. ಎಂತ ವಿಶೇಷ ಅಂದರೆ, "ಮಗಳು ಬೇಡ ಅಂದಳು." ಎಂತ ಬೇಡ? "ಎಲ್ಲ ಬೇಡ!" ಜನ ಇವನಿಗೇ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ ಅಂದುಕೊಂಡರು. ನಾನು ಅವಳಿಗೆ ಲಾಡು ಕೊಡಲಿಕ್ಕೆ ಹೋದೆ. ನನ್ನನ್ನು ಕಂಡು ಬಾಯಿ ಬಿಗಿದುಕೊಂಡಳು. ಮನೆಯಲ್ಲಿ ಬೊಡ್ಚಿಯ ಹಿಂದೆ ಒಂದೊಂದೇ ಮಾತು ಬರತೊಡಗಿತು, ನೀರು, ಅಮ್ಮ, ಬೆಲ್ಟ್. ಬಟ್ಟಲು ಹಾರುವುದು ನಿಂತಿತು. ಆದರೆ ಮೆಟ್ಟಿಲು ಇಳಿದರೆ ಮಾತಿಲ್ಲ. ಪಪ್ಪ ಅಂತ ಮನೆಯೊಳಗೂ ಕರೆಯಲಿಲ್ಲ. ಅದನ್ನು ಒಮ್ಮೆ ಕೇಳಬೇಕು ಅಂತ ವಾಸಣ್ಣನಿಗೆ ಎಷ್ಟಿತ್ತು ಅಂತ ನನಗೆ ಗೊತ್ತುಂಟು, ಆದರೆ ಹೇಳಿಸಲಿಕ್ಕೆ ಹೋಗಲಿಲ್ಲ.

ಮೇ ತಿಂಗಳಲ್ಲಿ ರಮೇಶ ಪುನಃ ಊರಿಗೆ ಬಂದ. ಬೊಡ್ಚಿಯ ಕಥೆ ಕೇಳಿ ಅವನಿಗೂ ಖುಷಿಯಾಯಿತು. ಆದರೆ ಒಂದು ಪ್ರಶ್ನೆ ಕೇಳಿದ. "ಮನೆಯಲ್ಲಿ ನಾಲ್ಕು ಮಾತು ಬಂದ್ರೆ ಸಾಕಾ ಬಾವ? ಶಾಲೆಯಲ್ಲಿ ಅವಳಿಗೆ ಮೂತ್ರಕ್ಕೆ ಹೋಗ್ಬೇಕಾದ್ರೆ ಯಾರಿಗೆ ಹೇಳ್ತಾಳೆ? ಹೊರಗಿನವರ ಎದುರು ಒಂದು ಮಾತು ಆಡಿದ್ದುಂಟಾ?" ವಾಸಣ್ಣ ಮಾಲತಿಯ ಮುಖ ನೋಡಿದ. "ಅಣ್ಣ ಕೇಳಿದ್ದು ಸರಿಯೇ ಅಲ್ವಾ?" ಅಂದಳು ಮಾಲತಿ. ಆದಿತ್ಯವಾರ ಹೋಗಿ ಹಾಸ್ಟೆಲ್ ನೋಡಿ, ಅಲ್ಲೇ ಹೆಸರು ಬರೆಸುವುದು ಅಂತ ಮಾತಾಯಿತು.

ಅದಕ್ಕಿಂತ ಮೊದಲಿನ ಶುಕ್ರವಾರ ನಮಗೆ ವಾಲಿಬಾಲ್ ಟೂರ್ನಮೆಂಟಿನ ಅನೌನ್ಸ್‌ಮೆಂಟ್ ಇತ್ತು. ಟೂರ್ನಮೆಂಟ್ ಮರುದಿನ, ಶನಿವಾರ. ನಾಳೆ ಶನಿವಾರ, ಮಾಮನ ಜೊತೆ ಮ್ಯಾಚ್ ನೋಡಲಿಕ್ಕೆ ಹೋಗುವ ಅಂತ ಮಾಲತಿ ಮಗಳಿಗೆ ಹೇಳಿ ಇಟ್ಟಿದ್ದಳು. ದೀಕ್ಷಾಳೂ ಜೀಪಿನ ಹಿಂದಿನ ಸೀಟಿನಲ್ಲಿದ್ದಳು, ಆಂಪ್ಲಿಫೈಯರಿನ ಕೆಂಪು ದೀಪ ನೋಡುತ್ತಾ ಕೂರುವುದು ಅವಳಿಗೆ ಇಷ್ಟ. ವಾಸಣ್ಣನ ತಲೆಯಲ್ಲಿ ಆ ಆದಿತ್ಯವಾರವೇ ಕೊರೆಯುತ್ತಿತ್ತು ಅಂತ ಕಾಣ್ತದೆ. "ಇದೇ ಬರುವ ಆದಿತ್ಯವಾರ, ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ" ಅಂತ ಬೆಳಗಿನಿಂದ ಹೇಳುತ್ತಾ ಬಂದಿದ್ದಾನೆ. ನನಗೆ ಗೊತ್ತಾಗಲಿಲ್ಲ. ಅವನು ಮೈಕಿನಲ್ಲಿ ಹೇಳುವುದನ್ನು ನಾನು ಕಿವಿಗೆ ಹಾಕಿಕೊಳ್ಳದೆ ಎಷ್ಟೋ ಕಾಲವಾಗಿತ್ತು.

ಕನ್ನಡಿಯಲ್ಲಿ ನೋಡಿದರೆ ಹಿಂದೆ ಮಗು ಚಡಪಡಿಸುತ್ತಿದೆ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಮುಂದಿನ ಸೀಟಿಗೆ ಕೈಯಿಂದ ಬಡಿಯುತ್ತದೆ. ಹಸಿವೆಯೋ ಎಂತೋ ಅಂದುಕೊಂಡೆ. ಪೆರ್ಲ ಪೇಟೆಯ ನಡುವಿಗೆ ಬಂದೆವು. ವಾಸಣ್ಣ ಕನ್ನಡ ಮುಗಿಸಿ, ಮಲಯಾಳ ಸುರು ಮಾಡಲಿಕ್ಕೆ ಉಸಿರು ಎಳೆದುಕೊಂಡ. ಆ ಒಂದು ಉಸಿರಿನ ಎಡೆಯಲ್ಲಿ ಅವಳು ಎರಡು ಸೀಟಿನ ನಡುವಿನಿಂದ ಮುಂದೆ ಬಗ್ಗಿದಳು.

"ಪಪ್ಪ, ತಪ್ಪು."

ಜೀಪಿನ ತಲೆಯ ಮೇಲೆ ಮೈಕಿನ ಎರಡು ದೊಡ್ಡ ಹಾರ್ನ್ ಕಟ್ಟಿತ್ತು ಸ್ವಾಮಿ! ಇಡೀ ಪೇಟೆಗೆ ಕೇಳಿತು, ಪಪ್ಪ, ತಪ್ಪು. ನಾನು ಬ್ರೇಕ್ ಹಾಕಿದೆ, ಎಂಜಿನ್ ಬಂದ್ ಮಾಡಿದೆ. ವಾಸಣ್ಣ ಮೈಕನ್ನು ಮಗಳ ಕಡೆಗೆ ತಿರುಗಿಸಿ ಹಿಡಿದ. ಒಂದು ಅಕ್ಷರ ಮಾತಾಡಲಿಲ್ಲ. ಯಾವುದು ತಪ್ಪು ಅಂತಲೂ ಕೇಳಲಿಲ್ಲ. ಸುಮ್ಮನೆ ಅವಳ ಮುಖ ನೋಡುತ್ತಾ ಕೂತ. ಮೈಕ್ ಕೊಂಯ್ ಅನ್ನುತ್ತಿತ್ತು. ವಾಸಣ್ಣನ ಜೀಪಿನಿಂದ ಮಾತು ಬರುವುದಿಲ್ಲ ಅಂದರೆ ಆಕ್ಸಿಡೆಂಟೇ ಆಗಿರಬೇಕು ಅಂತ ಜನ ಅಂಗಡಿಗಳಿಂದ ಇಳಿದು ಬಂದರು. ಅವಳ ಬಾಯಿ ತೆರೆಯಿತು, ಮುಚ್ಚಿತು. ನನಗಂತೂ, ಹೇಳು ಮಗಾ ಅಂತ ಕೂಗಬೇಕು ಅಂತ ಕಂಡಿತು. ವಾಸಣ್ಣ ಅಲುಗಾಡಲಿಲ್ಲ.

"ಐತಾರ ಅತ್ತ್," ಅಂದಳು. ಆದಿತ್ಯವಾರ ಅಲ್ಲ. ಪುನಃ ನಿಂತಿತು. ಎಲ್ಲರೂ ಕಾದರು. "ಶನಿವಾರ. ಎಲ್ಲೆ."

ಎಲ್ಲೆ ಅಂದರೆ ನಾಳೆ. ವಾಸಣ್ಣ ಮೈಕ್ ಬಾಯಿಯ ಹತ್ತಿರ ತಂದು "ಮಾನ್ಯರೇ" ಅಂದ, ಅಷ್ಟೇ. ಬೆವರು ಒರೆಸುವ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಹೆಗಲು ಕುಲುಕಿಸಿ ಅತ್ತ. ಕೊನೆಗೆ ಮೈಕ್ ನನ್ನ ಕೈಗೆ ಬಂತು. ಜನ್ಮದಲ್ಲಿ ಅದೊಂದೇ ಸಲ ನಾನು ಅನೌನ್ಸ್ ಮಾಡಿದ್ದು. "ವಾಲಿಬಾಲ್ ಶನಿವಾರವೇ. ನಾಳೆಯೇ. ತಪ್ಪು ಹೇಳಿದ್ದು ವಾಸಣ್ಣ, ಸರಿ ಮಾಡಿದ್ದು ಅವನ ಮಗಳು!" ಯಾರೋ ಸೀಟಿ ಹೊಡೆದರು. ಗಿರಣಿಯವರು, ಮೀನಿನವರು, ಆಟೋದವರು, ಎಲ್ಲ ಚಪ್ಪಾಳೆ.

ಆ ಗಲಾಟೆಯ ನಡುವೆ ಸೆಲೂನಿನಿಂದ ಒಬ್ಬ ಓಡಿ ಬಂದ. ಕುತ್ತಿಗೆಗೆ ಬಿಳಿ ಬಟ್ಟೆ, ಅರ್ಧ ಮುಖಕ್ಕೆ ಸೋಪಿನ ನೊರೆ. ರಮೇಶ! "ಬಾವ, ಅದು ಯಾರು ಹೇಳಿದ್ದು?" ವಾಸಣ್ಣ ಬೈರಾಸಿನೊಳಗಿನಿಂದಲೇ ಹಿಂದೆ ಕೈ ತೋರಿಸಿದ. ರಮೇಶ ಜೀಪಿನೊಳಗೆ ತಲೆ ಹಾಕಿ, "ಮಗಾ, ಮ್ಯಾಚ್ ಏಪ?" ಅಂತ ಕೇಳಿದ. ಯಾವಾಗ ಅಂತ. ಅವಳು ಅವನ ನೊರೆಯನ್ನು ನೋಡಿದಳು. ಅವನೂ ಕಾದ, ಪುಣ್ಯಾತ್ಮ. "ಎಲ್ಲೆ" ಅಂದಳು, ಎಷ್ಟು ಸಲ ಹೇಳಬೇಕು ಎಂಬಂತೆ. ರಮೇಶ ನೊರೆಯ ಮುಖವನ್ನು ವಾಸಣ್ಣನ ಹೆಗಲಿಗೆ ಒತ್ತಿದ. "ಆದಿತ್ಯವಾರ ಎಲ್ಲಿಗೂ ಹೋಗುದು ಬೇಡ ಬಾವ" ಅಂದ.

ಜೂನ್‌ನಲ್ಲಿ ದೀಕ್ಷಾ ನಮ್ಮೂರಿನ ಶಾಲೆಗೇ ಸೇರಿದಳು, ತನ್ನ ಮನೆಯಿಂದಲೇ. ಎಲ್ಲ ಒಂದೇ ದಿನದಲ್ಲಿ ಸರಿಯಾಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಎಷ್ಟೋ ದಿನ ಅಳುತ್ತಾ ಬಂದಳು, ಒಂದೆರಡು ಸಲ ಕಚ್ಚಿದಳು, ಅಪ್ಪ ಅಮ್ಮ ಹೋಗಿ ಬೆಂಚಿನಲ್ಲಿ ಕೂತು ಬಂದರು. ಅವಳ ಮಾತು ಯಾವಾಗಲೂ ನಿಧಾನ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ದೊಡ್ಡ ಎಡೆ. ಕ್ಲಾಸಿನ ಮಕ್ಕಳಿಗೆ ಅದು ಅಭ್ಯಾಸವಾಯಿತು, ಟೀಚರರಿಗೂ ಆಯಿತು.

ಆಮೇಲೆ ಪೆನ್‌ಡ್ರೈವಿನಲ್ಲಿ ರೆಕಾರ್ಡ್ ಮಾಡಿದ ಅನೌನ್ಸ್‌ಮೆಂಟ್ ಬಂತು. ನಾನು ಜೀಪು ಮಾರಿದೆ. ವಾಸಣ್ಣನ ಸಂಸಾರ ಮಾಲತಿಗೆ ತವರಿನಿಂದ ಸಿಕ್ಕಿದ ಜಾಗದಲ್ಲಿ ಮನೆ ಕಟ್ಟಿ ದೇಲಂಪಾಡಿಗೆ ಹೋಯಿತು. ಅವರು ಹೋದ ಮೇಲೆ ಪೆರ್ಲ ಪೇಟೆಗೆ ಎಂತದೋ ಕಮ್ಮಿಯಾಯಿತು, ನನ್ನ ಎಡಗಿವಿಗೂ.

ಅವನನ್ನು ನಾನು ಕೊನೆಯದಾಗಿ ನೋಡಿದ್ದು ಬೋವಿಕಾನದಲ್ಲಿ, ಬಸ್ ಸ್ಟಾಪಿನಲ್ಲಿ. ನಾನು ರಸ್ತೆಯ ಈಚೆ, ಅವರು ಆಚೆ. ವಾಸಣ್ಣನ ಕೂದಲು ಬಿಳಿಯಾಗಿತ್ತು. ಪಕ್ಕದಲ್ಲಿ ಅಪ್ಪನ ಹೆಗಲಿಗೆ ಬಂದ, ಹೈಸ್ಕೂಲ್ ಯೂನಿಫಾರ್ಮಿನ ಹುಡುಗಿ. ನಾನು ಕರೆಯಬೇಕು ಅನ್ನುವಷ್ಟರಲ್ಲಿ ಬಸ್ಸು ಬಂತು, ಲಿಮಿಟೆಡ್ ಸ್ಟಾಪ್, ಎಲ್ಲ ಕಡೆ ನಿಲ್ಲುವುದಿಲ್ಲ. ಅದರ ಹಿಂದಿನಿಂದ ರಸ್ತೆ ದಾಟಿ ನಾನು ಹತ್ತಿರ ಬಂದೆ. ದೀಕ್ಷಾ ಮೆಟ್ಟಿಲ ಮೇಲೆ ಕಾಲಿಟ್ಟು ಕಂಡಕ್ಟರನ ಹತ್ತಿರ ಮಲಯಾಳದಲ್ಲಿ ಮಾತಾಡುತ್ತಿದ್ದಳು. ಶಾಲೆಯ ತಿರುವಿನಲ್ಲಿ ಬಸ್ಸು ನಿಲ್ಲಬೇಕು ಅಂತ ಇರಬೇಕು. ಅರ್ಧ ಹೇಳಿದಳು, ಮಾತು ನಿಂತಿತು. ಒಳಗಿದ್ದವರು ಕುತ್ತಿಗೆ ಉದ್ದ ಮಾಡಿ ನೋಡಿದರು. ಕಂಡಕ್ಟರನಿಗೆ ಅವಸರ. ಅವಳನ್ನು ಬಿಟ್ಟು, ಹಿಂದೆ ಕೈಕಟ್ಟಿ ನಿಂತಿದ್ದ ವಾಸಣ್ಣನನ್ನು ಕೇಳಿದ, ಇವಳು ಎಂತ ಹೇಳುವುದು ಅಂತ.

ಮೂರು ಭಾಷೆಯಲ್ಲಿ ಊರಿಗೆ ಕೇಳುವ ಹಾಗೆ ಹೇಳಬಲ್ಲ ಮನುಷ್ಯ ಮೆಲ್ಲಗೆ ನಕ್ಕ.

"ಅವಳನ್ನೇ ಕೇಳಿ" ಅಂದ. "ಅವಳು ಹೇಳ್ತಾಳೆ."

ಕಂಡಕ್ಟರ್ ಬೆಲ್ಲಿನ ಹಗ್ಗ ಹಿಡಿದುಕೊಂಡೇ ಕಾದ. ಬಸ್ಸು ಕಾಯಿತು. ಅವಳು ಹೇಳಿದಳು.